ಬಿಳಿ ದಾರ, ಕರಿ ದಾರ

ಶೇಡಬಾಳದ ಲಾಡಸಾಬ ನದಾಫನಿಗೆ ಓದುವ ಹುಚ್ಚು ಹತ್ತಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ಓದಿದ್ದೆಂದರೆ ಬಸ್ಸಿನ ಬೋರ್ಡು, ಮದುವೆಯ ಕಾರ್ಡು ಇಷ್ಟೇ. ಉಳಿದ ಆಯುಷ್ಯವೆಲ್ಲ ಹತ್ತಿ ಹಿಂಜುವುದರಲ್ಲಿ, ಗಾದಿ ಹೊಲಿಯುವುದರಲ್ಲಿ, ತಲೆದಿಂಬಿಗೆ ಅರಳೆ ತುಂಬುವುದರಲ್ಲಿ ಕಳೆದಿತ್ತು. ಕಾಗವಾಡದಿಂದ ಅಥಣಿಯವರೆಗೆ ಎಷ್ಟೋ ಜೋಡಿಗಳು ಅವನು ಹೊಲಿದ ಗಾದಿಯ ಮೇಲೇ ಸಂಸಾರ ಶುರು ಮಾಡಿದ್ದವು. ಈಗ ಹಿಂಜುವುದಕ್ಕೆ ಮಷಿನ್ ಬಂದಿತ್ತು, ಮಂದಿ ಫೋಮಿನ ಗಾದಿ ಕೊಳ್ಳತೊಡಗಿದ್ದರು, ಅವನಿಗೆ ಬೇಕಾದಷ್ಟು ಬಿಡುವು ಸಿಕ್ಕಿತ್ತು.

ಅಂಥ ಬಿಡುವಿನ ಒಂದು ದಿನ ಮಗ ಬಂದೇನವಾಜ ನಿಪ್ಪಾಣಿಯ ಸಭೆಯೊಂದರಿಂದ ಕುರಾನಿನ ಕನ್ನಡ ಅನುವಾದವನ್ನು ತಂದುಕೊಟ್ಟ. ನದಾಫರ ಮನೆಮಾತು ಕನ್ನಡ. ಮಸೀದಿಯ ಇಮಾಮರು ಬಿಹಾರದ ಕಡೆಯವರು. ಶುಕ್ರವಾರ ಅವರು ಉರ್ದುವಿನಲ್ಲಿ ಮಾತಾಡಿದ್ದು ಲಾಡಸಾಬನಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಎಲ್ಲರೂ ಆಮೀನ್ ಅಂದಾಗ ಅವನೂ ಆಮೀನ್ ಅನ್ನುತ್ತಿದ್ದ. ಅಂಥವನು ಆ ಪುಸ್ತಕವನ್ನು ಅಂಗಡಿಯಲ್ಲಿ ಕೂತು ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ ದಿನ ಕಣ್ಣು ಒರೆಸಿಕೊಂಡಿದ್ದ.

ಪಕ್ಕದ ಕಿರಾಣಿ ಅಂಗಡಿಯ ಜಿನ್ನಪ್ಪ ಅದನ್ನು ನೋಡಿ ಓಡಿ ಬಂದ. ಇಬ್ಬರೂ ಒಂದೇ ಸಾಲೆಯಲ್ಲಿ, ಒಂದೇ ವರ್ಷ, ಓದು ಬಿಟ್ಟವರು.

"ಯಾಕೋ ಲಾಡ್ಯಾ, ಏನಾತು?"

"ಏನೂ ಇಲ್ಲೋ ಜಿನ್ನಪ್ಪ. ಅಲ್ಲಾ ಕನ್ನಡದಾಗ ಮಾತಾಡಾಕತ್ತಾನ."

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ. ಗಿರಾಕಿ ಬಂದು ದಿಂಬು ಕೇಳಿದರೆ ಆಯತು, ಅಂದರೆ ಕುರಾನಿನ ವಚನ, ಹೇಳುತ್ತಿದ್ದ. ಹೆಂಡತಿ ಜೈತುನಬಿ ಉಪ್ಪು ತರಲು ಹೇಳಿದರೂ ಒಂದು ಆಯತು. ಅಷ್ಟರಲ್ಲಿ ಬಂದೇನವಾಜನ ಮದುವೆಯಾಗಿ ರಾಯಬಾಗದ ತಹಸೀನ ಸೊಸೆಯಾಗಿ ಬಂದಳು. ಆಕೆ ಮೀರಜ್ ಕಡೆಯ ಹೆಣ್ಣುಮಕ್ಕಳ ಮದರಸಾದಲ್ಲಿ ಹಲವು ವರ್ಷ ಓದಿ ಆಲಿಮಾ ಆದವಳು. ಕುರಾನು, ನಬಿಯವರ ಅಂದರೆ ಪ್ರವಾದಿಯವರ ನಡೆನುಡಿಯನ್ನು ತಿಳಿಸುವ ಹದೀಸು, ಅವುಗಳ ವ್ಯಾಖ್ಯಾನ ಎಲ್ಲವನ್ನೂ ಗುರುಗಳ ಮುಂದೆ ಕೂತು ಕಲಿತವಳು. "ನಮ್ಮ ಮನ್ಯಾಗ ಆಲಿಮಾ ಸೊಸಿ ಬಂದಾಳ" ಎಂದು ಲಾಡಸಾಬ ಊರೆಲ್ಲ ಹೇಳಿಕೊಂಡು ತಿರುಗಿದ. ಆದರೆ ಆಕೆಯನ್ನು ಒಂದು ಮಾತೂ ಕೇಳಲಿಲ್ಲ. ಪುಸ್ತಕ ತನ್ನ ಕೈಯಲ್ಲೇ ಇರುವಾಗ ಕೇಳುವುದೇನಿದೆ ಎಂಬುದು ಅವನ ಲೆಕ್ಕ.

ಆ ವರ್ಷದ ರಂಜಾನ್ ಬಂದಾಗ ಕಬ್ಬಿನ ಕಾರ್ಖಾನೆ ಇನ್ನೂ ನಡೆದಿತ್ತು. ಬಂದೇನವಾಜನಿಗೆ ಅಲ್ಲಿ ರಾತ್ರಿ ಪಾಳಿ. ಸೆಹರಿಗೆ, ಅಂದರೆ ರೋಜಾ ಎಂಬ ಉಪವಾಸ ಶುರುವಾಗುವ ಮುಂಚಿನ ಊಟಕ್ಕೆ, ಮನೆಯಲ್ಲಿ ಮಾವ, ಅತ್ತೆ, ಸೊಸೆ ಮೂವರೇ. ಮೊದಲ ಕೆಲವು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಬಾಂಗು ಕೇಳುವ ಮೊದಲೇ ರೊಟ್ಟಿ, ಮೊಸರು, ಚಹಾ ಮುಗಿಸಿ ಬಾಯಿ ತೊಳೆದುಕೊಳ್ಳುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಲಾಡಸಾಬನ ಬೆರಳು ಉಪವಾಸದ ಆಯತಿನ ಮೇಲೆ ಬಂದು ನಿಂತಿತು. ಬೆಳಗಿನ ಜಾವದ ಬಿಳಿ ದಾರವು ಕಪ್ಪು ದಾರದಿಂದ ಬೇರೆಯಾಗಿ ಸ್ಪಷ್ಟವಾಗಿ ಕಾಣುವವರೆಗೆ ತಿನ್ನಬಹುದು, ಕುಡಿಯಬಹುದು ಎಂಬ ಅರ್ಥದ ಮಾತು ಅಲ್ಲಿತ್ತು.

ಓದಿದ, ಮತ್ತೊಮ್ಮೆ ಓದಿದ. ದಾರದ ಮಾತು! ಜನ್ಮವಿಡೀ ದಾರದ ಜೊತೆ ಬಾಳಿದವನಿಗೆ ಈ ಆಯತು ತನಗೇ ಇಳಿದು ಬಂದಂತೆ ಅನ್ನಿಸಿತು.

ಮರುದಿನ ಬೆಳಗಿನ ಜಾವ ಮಸೀದಿಯಿಂದ ಬಾಂಗು ಕೇಳಿ ಜೈತುನಬಿ ನೀರಿನ ತಂಬಿಗೆ ಕೆಳಗಿಟ್ಟಳು. ನೋಡಿದರೆ ಗಂಡ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈಯಲ್ಲಿ ಎರಡು ದಾರ ಹಿಡಿದು ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ದೀಪವನ್ನೂ ಆರಿಸಿದ್ದ.

"ಏನ್ರಿ, ಬಾಂಗ ಆತು. ಇನ್ನೂ ತಿನ್ನಾಕತ್ತೀರಲ್ಲ!"

"ಆಯತಿನ್ಯಾಗ ಬಾಂಗಿನ ಮಾತ ಇಲ್ಲ. ದಾರದ ಮಾತ ಐತಿ. ಇವು ಎರಡೂ ನನಗ ಇನ್ನೂ ಒಂದ ನಮೂನಿ ಕಾಣಾಕತ್ತಾವು. ನೀ ಒಂದ ಕಪ್ ಚಹಾ ತಾ."

ಜೈತುನಬಿ ಹಣೆ ಹಣೆ ಬಡಿದುಕೊಂಡು ಸೊಸೆಯ ಕಡೆ ನೋಡಿದಳು. ತಹಸೀನ ಸೆರಗು ಸರಿಮಾಡಿಕೊಂಡು ಬಾಗಿಲ ತನಕ ಬಂದಳು.

"ಮಾವಾರ, ಆ ಆಯತಿನ ಸಲುವಾಗಿ ಒಂದ ಹದೀಸ್ ಐತ್ರಿ. ನಬಿಯವರ ಕಾಲದಾಗೂ ಒಬ್ರು..."

"ಹದೀಸ ಅಂದ್ರ ಮಂದಿ ಹೇಳಿದ್ದು. ಕುರಾನ ಅಂದ್ರ ಅಲ್ಲಾ ಹೇಳಿದ್ದು," ಎಂದು ಲಾಡಸಾಬ ಅವಳ ಮಾತು ತುಂಡರಿಸಿದ. "ಅಂವ ನೆಟ್ಟಗ ಹೇಳಿದ ಮ್ಯಾಲ ನಡುವ ಮತ್ತೊಬ್ರು ಯಾಕ ಬೇಕವಾ?"

ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ತಹಸೀನ ಬಾಗಿಲಿಂದ ಹಿಂತಿರುಗಿದಳು. ಒಳಗೆ ಬಂದ ಮೇಲೆ ಜೈತುನಬಿ ಪಿಸುಗುಟ್ಟಿದಳು, "ಇಷ್ಟ ವರ್ಷ ಓದಿದ್ದು ಯಾತಕ್ಕ? ಹೇಳಬೇಕಿಲ್ಲೇನು?"

"ಬಂದು ಇನ್ನೂ ನಾಕ ತಿಂಗಳಾಗಿಲ್ಲ ಅತ್ತಿ. ಸೊಸಿ ಮಾವಗ ಪಾಠ ಹೇಳಿದ್ರ ಅವರ ಮನಸು ನೊಂದೀತು. ಅವರಾಗೇ ಕೇಳ್ತಾರ, ತಡೀರಿ."

ಕೇಳುವ ಲಕ್ಷಣ ಮಾತ್ರ ಕಾಣಲಿಲ್ಲ. ಬದಲಿಗೆ ಅವನಿಗೆ ಶಿಷ್ಯರು ಹುಟ್ಟಿಕೊಂಡರು. ಹಿಂದಿನ ಓಣಿಯ ಟೆಂಪೋ ಓಡಿಸುವ ಮೀರಾಸಾಬ ಚಹಾದ ಗಿರಾಕಿ. ಉಪವಾಸದಲ್ಲಿ ಹೊಟ್ಟೆಯದು ಅವನಿಗೆ ಚಿಂತೆಯಿಲ್ಲ, ಚಹಾ ಇಲ್ಲದ ತಲೆನೋವೇ ದೊಡ್ಡದು. ಬಾಂಗಿನ ನಂತರವೂ ಒಂದು ಕಪ್ ಸಿಗುತ್ತದೆ ಎಂದು ತಿಳಿದದ್ದೇ ತಡ, ಅವನು ತನ್ನದೇ ಕಪ್-ಬಸಿಯ ಸಮೇತ ಹಾಜರಾದ. ಅವನ ಹಿಂದೆ ಮತ್ತೆ ಇಬ್ಬರು ಬಂದರು. ಅಂಗಳದಲ್ಲಿ ಕತ್ತಲೆಯಲ್ಲಿ ನಾಲ್ಕು ಜನ, ನಡುವೆ ಎರಡು ದಾರ.

ಜನ ಕೂಡಿದ ಮೇಲೆ ಜಗಳ ಬರದೆ ಇದ್ದೀತೆ? ಮೂರನೆಯ ದಿನಕ್ಕೇ ಒಬ್ಬ, "ನನಗ ಕಾಣಾಕತ್ತೈತಿ ನೋಡ್ರಿ, ಬಲಗೈಯಾಗಿಂದು ಬಿಳೇದು," ಅಂದ.

"ನನಗ ಇನ್ನೂ ಇಲ್ಲ," ಅಂದ ಮೀರಾಸಾಬ, ಕಣ್ಣು ಮುಚ್ಚಿಕೊಂಡೇ ಚಹಾ ಹೀರುತ್ತ.

"ಹಂಗಾದ್ರ ನನ್ನ ರೋಜಾ ಶುರು ಆತು, ನಿಂದು ಆಗಿಲ್ಲೇನು? ಒಂದ ಅಂಗಳ, ಎರಡ ಟೈಮು?"

ಎಲ್ಲರೂ ಲಾಡಸಾಬನ ಮುಖ ನೋಡಿದರು. ಅವನು ದಾರವನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಓರೆಯಾಗಿ ನೋಡಿ, "ಆಯತಿನ್ಯಾಗ 'ನಿಮಗೆ' ಅಂತೈತಿ. ಅವರವರ ಕಣ್ಣು, ಅವರವರ ರೋಜಾ," ಎಂದು ತೀರ್ಪು ಕೊಟ್ಟ. ತೀರ್ಪು ಕೊಟ್ಟ ಮೇಲೆ ತನಗೇ ಅದು ಅಷ್ಟು ಸರಿಬರಲಿಲ್ಲ. ಆದರೆ ಆಗಲೇ ಎರಡನೆಯ ಬಾಳೆಹಣ್ಣು ಸುಲಿದಾಗಿತ್ತು.

ಅಷ್ಟರಲ್ಲಿ ನಮಾಜು ಮುಗಿಸಿ ಹೊರಟ ಇಮಾಮರು ಗೇಟಿನ ಮುಂದೆ ಹಾದುಹೋದರು. ಒಳಗೆ ಚಹಾದ ಹಬೆ ಏಳುತ್ತಿದ್ದುದನ್ನು ಕಂಡು ಅವರ ಕಾಲು ಅಲ್ಲೇ ನಿಂತವು.

"ಚಾಚಾ! ಅಜಾನ್ ಹೋ ಗಯೀ, ನಮಾಜ್ ಭೀ ಹೋ ಗಯೀ!" ಎಂದು, ಬಾಂಗೂ ಆಯಿತು, ನಮಾಜೂ ಆಯಿತು ಎಂಬಂತೆ ಕೈ ತಿರುವಿದರು.

ಲಾಡಸಾಬ ಎದ್ದು ಪುಸ್ತಕ ತಂದು ಕನ್ನಡದಲ್ಲಿ ಆಯತು ಓದಿ ತೋರಿಸಿದ. ಇಮಾಮರಿಗೆ ಕನ್ನಡ ಬಾರದು. ಅವರು ಅರಬಿಯಲ್ಲಿ ಏನೋ ಹೇಳಿ ಉರ್ದುವಿನಲ್ಲಿ ಬಿಡಿಸಿದರು. ಲಾಡಸಾಬನಿಗೆ ಅದು ತಿಳಿಯಲಿಲ್ಲ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸಲಾಮು ಹೇಳಿ ಬೇರೆಯಾದರು. ಆದರೆ ಸಂಜೆಯೊಳಗೆ ಸುದ್ದಿ ಮಸೀದಿಯ ಹಿರಿಯರಿಗೆ ಮುಟ್ಟಿತು. ಬರುವ ಶುಕ್ರವಾರ ಇದರ ಮಾತು ತೆಗೆಯುತ್ತಾರೆ ಎಂದು ಊರಲ್ಲಿ ಗುಸುಗುಸು ಹಬ್ಬಿತು.

ಬುಧವಾರ ಹೊಳೆಯ ಕಡೆಯಿಂದ ಮಂಜು ಇಳಿಯಿತು. ಎದುರು ಮನೆಯ ಗೋಡೆಯೂ ಕಾಣದಂಥ ಮಂಜು. ಅದಕ್ಕೇ ಇರಬೇಕು, ಅವತ್ತು ಶಿಷ್ಯರು ಯಾರೂ ಬರಲಿಲ್ಲ. ಲಾಡಸಾಬ ಒಬ್ಬನೇ ಶಾಲು ಹೊದ್ದು ಕಟ್ಟೆಯ ಮೇಲೆ ಕೂತು, ಬಟ್ಟಲು ತುಂಬ ದ್ರಾಕ್ಷಿ ಇಟ್ಟುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ದಾರ ನೋಡುತ್ತಿದ್ದ. ಎರಡೂ ಬೂದಿಯ ಬಣ್ಣದಲ್ಲೇ ಇದ್ದವು. ಇವತ್ತು ಅಲ್ಲಾ ಬಹಳ ಸವಲತ್ತು ಕೊಟ್ಟಿದ್ದಾನೆ ಅಂದುಕೊಂಡು ಇನ್ನೊಂದು ಗೊಂಚಲಿಗೆ ಕೈ ಹಾಕಿದ.

ಬಸದಿಯಲ್ಲಿ ಪೂಜೆ ಮುಗಿಸಿ ಹಣೆಗೆ ಗಂಧ ಹಚ್ಚಿಕೊಂಡು ಬರುತ್ತಿದ್ದ ಜಿನ್ನಪ್ಪ ಗೇಟಿನಲ್ಲಿ ನಿಂತು ಬಾಯಿ ತೆರೆದ.

"ಲೇ ಲಾಡ್ಯಾ, ರೋಜಾ ಬಿಟ್ಟಿ ಏನ? ಮೈಯಾಗ ಆರಾಮ ಇಲ್ಲೇನು?"

"ಛೇ, ರೋಜಾ ಯಾಕ ಬಿಡ್ಲಿ? ಇನ್ನೂ ಹೊತ್ತ ಆಗಿಲ್ಲ. ನೋಡಿಲ್ಲಿ, ದಾರ ಎರಡೂ ಒಂದ ಆಗ್ಯಾವು."

ಜಿನ್ನಪ್ಪ ಒಳಗೆ ಬಂದು ಅವನ ಕೈಯಿಂದ ದಾರ ತೆಗೆದುಕೊಂಡ. "ಇದ ಬಿಳೇದು. ಇದ ಕರೇದು. ಇಷ್ಟ ಸ್ವಚ್ಛ ಕಾಣಾಕತ್ತಾವು. ನಿನ್ನ ಕಣ್ಣಾಗ ಮೋತಿಬಿಂದು ಬಂದೈತಿ, ಪೊರಿ ಕಟ್ಟೈತಿ ಅಂತ ಅಥಣಿ ಡಾಕ್ಟರು ಹೋದ ವರ್ಷನ ಹೇಳಿದ್ರಲ್ಲೋ. ಅಲ್ಲಿ ಕೇಳು, ಸಾಲಿ ಹುಡುಗೂರು ಹೊಂಟಾವು!"

ಮಂಜಿನೊಳಗಿಂದ ಹುಡುಗರ ಗಲಾಟೆ ಕೇಳುತ್ತಿತ್ತು. ಯಾರೋ ಸೈಕಲ್ ಗಂಟೆ ಹೊಡೆಯುತ್ತ ಹೋದರು. ಲಾಡಸಾಬನ ಬಾಯಲ್ಲಿದ್ದ ದ್ರಾಕ್ಷಿ ಅಲ್ಲೇ ಉಳಿಯಿತು. ನುಂಗುವುದೋ ಉಗುಳುವುದೋ ತಿಳಿಯದೆ ಒಂದು ಗಳಿಗೆ ಗಲ್ಲ ಉಬ್ಬಿಸಿಕೊಂಡು ಕೂತ. ಕೊನೆಗೆ ಎದ್ದು ಹೋಗಿ ಮೋರಿಗೆ ಉಗುಳಿ ಬಂದ. ಅವನ ಮುಖ ಸಣ್ಣದಾಗಿತ್ತು.

"ಜಿನ್ನಪ್ಪ, ಹಂಗಾದ್ರ ಇಷ್ಟ ದಿನದ ನನ್ನ ರೋಜಾ?"

"ಅದನ್ನ ನಾ ಹ್ಯಾಂಗ ಹೇಳ್ಲಿ?" ಜಿನ್ನಪ್ಪ ಅವನ ಪಕ್ಕದಲ್ಲಿ ಕೂತ. "ನಂದ ಒಂದ ಕೇಳು. ನಾವು ಹೊತ್ತ ಮುಳುಗೂಕಿಂತ ಮೊದಲ ಉಣ್ಣೂ ಮಂದಿ. ಮಳಿಗಾಲದಾಗ ಒಮ್ಮೆ ಸೂರ್ಯ ಕಾಣಲಿಲ್ಲ. ಬೆಳಕ ಐತಲ್ಲ ಅಂತ ಉಂಡೆ, ಹೊತ್ತ ಮುಳುಗಿ ಹೋಗಿತ್ತು. ಮನಸಿಗೆ ಸಮಾಧಾನ ಆಗಲಿಲ್ಲ. ಮುನಿ ಮಹಾರಾಜರ ಕಡೆ ಹೋಗಿ ಕೇಳಿದೆ. ಶಾಸ್ತ್ರ ನಮ್ಮಲ್ಲೂ ಅದಾವು, ಮನ್ಯಾಗ ಕಪಾಟ ತುಂಬ ಅದಾವು. ಆದ್ರ ಓದಿ ತಿಳಕೊಂಡವ್ರನ್ನ ಕೇಳ್ತೀವಿ. ನಾ ಕೇಳಾಕ ಎರಡ ಬಸ್ ಬದಲಿ ಮಾಡಿ ಹೋಗಿದ್ದೆ. ನಿನ್ನ ಮನ್ಯಾಗ ಓದಿದಾಕಿ ಒಳಗ ಕುಂತಾಳ, ನೀ ಹೊರಗ ದಾರ ಹಿಡಕೊಂಡ ಕುಂತೀ!"

ಅವತ್ತು ಲಾಡಸಾಬ ಅಂಗಡಿ ತೆರೆದನಾದರೂ ಪುಸ್ತಕ ತೆರೆಯಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಮನೆಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಕೂತು ದಿಂಬಿನ ಚೀಲಕ್ಕೆ ಅರಳೆ ತುಂಬುತ್ತಿದ್ದರು. ಅವನು ಕಂಬಕ್ಕೆ ಒರಗಿ ಕೂತ. ಸ್ವಲ್ಪ ಹೊತ್ತು ಕೆಮ್ಮಿದ. ಕೆಮ್ಮು ಬಂದಿರಲಿಲ್ಲ ಎಂಬುದು ಜೈತುನಬಿಗೆ ಗೊತ್ತಿತ್ತು.

"ತಹಸೀನಾ," ಅಂದ. "ಅವತ್ತ ಏನೋ ಹೇಳಾಕ ಹೊಂಟಿದ್ದಿಯಲ್ಲವಾ. ನಾ ನಡುವ ಬಾಯಿ ಹಾಕಿದೆ. ಈಗ ಹೇಳು."

ತಹಸೀನ ಕೈಗೆ ಅಂಟಿದ ಅರಳೆ ಬಿಡಿಸಿಕೊಂಡಳು.

"ಅದೀ ಅಂತ ಒಬ್ರು ಸಹಾಬಿ ಇದ್ರು ಮಾವಾರ. ನಬಿಯವರ ಜೋಡಿ ಇದ್ದವ್ರು. ದಾನಕ್ಕ ಹೆಸರಾದ ಹಾತಿಮ್ ಅಂತ ಕೇಳೀರಲ್ಲ, ಅವರ ಮಗ. ಈ ಆಯತ ಕೇಳಿ ಅವರೇನ ಮಾಡಿದ್ರು ಗೊತ್ತೇನ್ರಿ? ಒಂದ ಬಿಳಿ ದಾರ, ಒಂದ ಕರಿ ದಾರ ತಂದು ತೆಲಿದಿಂಬಿನ ಕೆಳಗ ಇಟ್ಕೊಂಡ್ರು. ರಾತ್ರಿಯೆಲ್ಲಾ ತಗದ ತಗದ ನೋಡಿದ್ರು."

ಲಾಡಸಾಬ ನೆಟ್ಟಗೆ ಕೂತ. "ಖರೇನ?"

"ಖರೇನ್ರಿ. ಬೆಳಗಾದ ಮ್ಯಾಲ ನಬಿಯವರ ಹಂತೇಕ ಹೋಗಿ ಹಿಂಗ ಹಿಂಗ ಮಾಡಿದೆ ಅಂತ ಹೇಳಿದ್ರು. ಅದಕ್ಕ ನಬಿಯವರು, 'ಹಂಗಾದ್ರ ನಿನ್ನ ತೆಲಿದಿಂಬು ಭಾಳ ಅಗಲ ಇರಬೇಕು' ಅಂದ್ರಂತ."

ಲಾಡಸಾಬನಿಗೆ ತಿಳಿಯಲಿಲ್ಲ. "ದಿಂಬಿನ ಅಗಲದ ಮಾತ ಯಾಕ ಬಂತು?"

"ಯಾಕಂದ್ರ ಮಾವಾರ, ಕರಿ ದಾರ ಅಂದ್ರ ರಾತ್ರಿ ಕತ್ತಲಿ, ಬಿಳಿ ದಾರ ಅಂದ್ರ ಬೆಳಗಿನ ಬೆಳಕು ಅಂತ ನಬಿಯವರು ಬಿಡಿಸಿ ಹೇಳಿದ್ರು. ಆಕಾಶದ ಅಂಚಿಗೆ ಅಡ್ಡಕ್ಕ ಮೂಡತೈತಲ್ಲ, ಆ ಬೆಳಕು. ಅಂಥಾ ಎರಡ ದಾರ ಒಂದ ದಿಂಬಿನ ಕೆಳಗ ಹಿಡಿಸ್ಯಾವು ಅಂದ್ರ ಆ ದಿಂಬು ಎಷ್ಟ ಅಗಲ ಇರಬೇಕು?"

ಗಾದಿ ದಿಂಬು ಹೊಲಿದೇ ಮುಪ್ಪಾದವನು ಒಂದು ಕ್ಷಣ ಆ ದಿಂಬನ್ನು ಕಣ್ಣ ಮುಂದೆ ತಂದುಕೊಂಡಿರಬೇಕು. ಕಾಗವಾಡದ ತುದಿಯಿಂದ ಮೀರಜದ ತುದಿಯವರೆಗೆ ಹಾಸಿದ ದಿಂಬು. ಅದಕ್ಕೆ ಎಷ್ಟು ಗಾಡಿ ಅರಳೆ ಬೇಕು, ಎಂಥ ದಬ್ಬಣ ಬೇಕು! ಮೊದಲು ಅವನ ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು. ಕೊನೆಗೆ ಪಡಸಾಲೆಯ ಅರಳೆಯೆಲ್ಲ ಹಾರುವಂತೆ ನಗತೊಡಗಿದ. ಜೈತುನಬಿಯೂ ನಕ್ಕಳು. ನಗುತ್ತಲೇ ಲಾಡಸಾಬ ಕಣ್ಣು ಒರೆಸಿಕೊಂಡ.

"ಹಂಗಾದ್ರ ನನ್ನಂಥಾ ಹುಚ್ಚ ನಾ ಒಬ್ಬನ ಅಲ್ಲ!"

"ಹುಚ್ಚ ಅನಬ್ಯಾಡ್ರಿ. ಕಾಲಿಗೆ ದಾರ ಕಟಗೊಂಡು, ಕಾಣೂ ತನಕ ಉಂಡ ಮಂದೀನೂ ಆವಾಗ ಇದ್ರು ಅಂತ ಇನ್ನೊಂದ ಹದೀಸಿನ್ಯಾಗ ಐತಿ. ಆಮ್ಯಾಲನ 'ಬೆಳಗಿನ ಜಾವದ' ಅನ್ನೂ ಮಾತ ಆಯತಿಗೆ ಇಳದ ಬಂತು ಅಂತ. ಅರಬಿ ತಾಯಿಭಾಷೆ ಇದ್ದವ್ರಿಗೇ ಹಿಂಗಾಗಿತ್ತು. ನಮಗ ಆಗೂದ ಏನ ದೊಡ್ಡ ಮಾತ್ರಿ?"

ಲಾಡಸಾಬ ನಗು ನಿಲ್ಲಿಸಿ ಯೋಚನೆಗೆ ಬಿದ್ದ. ಅವನು ಸುಲಭಕ್ಕೆ ಸೋಲುವವನಲ್ಲ. "ಇರಲಿ. ಆದ್ರ ಇದನ್ನೂ ಹೇಳಿದ್ದು ಮಂದೀನ ಅಲ್ಲೇನವಾ?"

"ಹೌದ್ರಿ, ಮಂದೀನ. ಆದ್ರ ಎಂಥಾ ಮಂದಿ? ಆಯತ ಇಳದಾಗ ಅಲ್ಲೇ ಇದ್ದವ್ರು. ತಪ್ಪ ತಿಳಕೊಂಡು, ಹೋಗಿ ಕೇಳಿ, ತಿದ್ದಿಸಿಕೊಂಡವ್ರು. ಆಮ್ಯಾಲ ಬಂದ ಪಂಡಿತರು ಒಂದೊಂದ ಮಾತಿಗೂ, ಇದನ್ನ ಯಾರು ಹೇಳಿದ್ರು, ಅವರು ಯಾರಿಂದ ಕೇಳಿದ್ರು, ಅವರ ನೆನಪು ಹ್ಯಾಂಗಿತ್ತು, ಸುಳ್ಳ ಹೇಳೂ ಮನಿಶಾ ಹೌದೋ ಅಲ್ಲೋ ಅಂತ ಹುಡಿಕ್ಯಾಡಿದ್ರು. ಒಂದ ಹದೀಸಿನ ಸಲುವಾಗಿ ತಿಂಗಳುಗಟ್ಟಲೆ ದಾರಿ ನಡದವ್ರು ಇದ್ರು. ಗಟ್ಟಿ ಇದ್ದದ್ದನ್ನ ಇಟಗೊಂಡ್ರು, ಪೊಳ್ಳ ಇದ್ದದ್ದನ್ನ ಬಿಟ್ರು." ಆಕೆ ದಿಂಬಿನ ಚೀಲ ಪಕ್ಕಕ್ಕಿಟ್ಟಳು. "ಮಾವಾರ, ನಮಾಜ ಮಾಡ್ರಿ ಅಂತ ಕುರಾನದಾಗ ಎಷ್ಟ ಸಲ ಬಂದೈತಿ. ಮಧ್ಯಾಹ್ನಕ್ಕ ನಾಕ ರಕಾತು, ಸಂಜಿಗೆ ಮೂರ ಅಂತ ಎಲ್ಲಿ ಓದೀರಿ?"

ನಮಾಜಿನ ಸುತ್ತುಗಳ ಈ ಲೆಕ್ಕಕ್ಕಾಗಿ ಲಾಡಸಾಬ ನೆನಪಿನಲ್ಲಿ ಪುಟಗಳನ್ನು ತಿರುವಿಹಾಕಿದ. ಎಲ್ಲೂ ಸಿಗಲಿಲ್ಲ. "ನಮ್ಮಪ್ಪ ಕಲಿಸಿದ್ದ," ಅಂದ ಮೆತ್ತಗೆ.

"ಅವರಿಗೆ ಅವರಪ್ಪ. ಹಂಗ ಹೋಗಿ ಹೋಗಿ, 'ನಾ ನಮಾಜ ಮಾಡೂದನ್ನ ನೋಡಿ ಹಂಗ ಮಾಡ್ರಿ' ಅಂದ ನಬಿಯವರ ತನಕ ಹೋಗತೈತಿ. ಅದನ್ನ ದಿನಾ ಐದ ಹೊತ್ತ ನಂಬತೀರಿ. ದಾರಕ್ಕ ಬಂದಾಗ ಅಷ್ಟ ಬ್ಯಾಡ ಅಂತೀರಿ."

"ಆತು, ಬಿಡವಾ," ಎಂದು ಲಾಡಸಾಬ ಎರಡೂ ಕೈ ಎತ್ತಿದ. "ಈ ಪುಸ್ತಕ ಕನ್ನಡಕ್ಕ ತಂದವ್ರು ಇದನ್ನ ಯಾಕ ಹೇಳಲಿಲ್ಲ ಹಂಗಾದ್ರ?"

ತಹಸೀನ ಪುಸ್ತಕ ತಂದು ಆ ಪುಟ ಬಿಚ್ಚಿದಳು. ಕೆಳಗಡೆ ಗೆರೆಯ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇತ್ತು. ಕತ್ತಲೆ ಮತ್ತು ಬೆಳಕು ಎಂದು ಅಲ್ಲಿ ಬಿಡಿಸಿ ಬರೆದಿತ್ತು. ಲಾಡಸಾಬ ಪುಟವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ.

"ಇದು ಅಕ್ಷರ ಏನು? ಇರುವಿ ಸಾಲಿನ ಚಿತ್ರ ತಗದಾರ ಅಂತ ತಿಳಿದಿದ್ದೆ."

"ಹಬ್ಬ ಆದ ಮರುದಿನ ಅಥಣಿಗೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸೂದು," ಅಂದಳು ಜೈತುನಬಿ. ಅದಕ್ಕೆ ಅಪೀಲು ಇರಲಿಲ್ಲ.

ಉಳಿದದ್ದು ಆ ರೋಜಾಗಳ ಮಾತು. ಅದನ್ನು ಕೇಳುವಾಗ ಲಾಡಸಾಬನ ದನಿ ಮತ್ತೆ ಸಣ್ಣದಾಯಿತು. ತಹಸೀನ, "ನಾ ಓದೇನಿ ಖರೆ, ಫತ್ವಾ ಕೊಡೂವಷ್ಟ ದೊಡ್ಡಾಕಿ ಅಲ್ಲ," ಎಂದು ತನಗೆ ಕಲಿಸಿದ ಗುರುಗಳಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಆ ಹೆಣ್ಣುಮಗಳು ಎಲ್ಲ ಕೇಳಿಕೊಂಡು, ಉರ್ದುವಿನಲ್ಲಿ ನಿಧಾನವಾಗಿ ಉತ್ತರ ಕೊಟ್ಟರು. ತಹಸೀನ ಅದನ್ನು ಕನ್ನಡಕ್ಕೆ ತಂದಳು. ತಿಳಿಯದೆ ಆದದ್ದಕ್ಕೆ ದಂಡವಿಲ್ಲ, ಹೆದರಬೇಡಿ. ದಾರ ಇಟ್ಟುಕೊಂಡಿದ್ದ ಆ ಸಹಾಬಿಗೆ ಮತ್ತೆ ಉಪವಾಸ ಮಾಡು ಎಂದು ನಬಿಯವರು ಹೇಳಿದ್ದು ಎಲ್ಲೂ ಬಂದಿಲ್ಲ, ಹಾಗಾಗಿ ಮತ್ತೆ ಮಾಡಬೇಕಿಲ್ಲ ಎಂದು ಕೆಲವು ಪಂಡಿತರು ಹೇಳಿದ್ದಾರೆ. ನಿಮ್ಮ ಕಡೆಯ ಜನ ನಡೆದು ಬಂದ ಹನಫಿ ದಾರಿಯಲ್ಲಿ ಆ ದಿನಗಳನ್ನು ರಂಜಾನ್ ಮುಗಿದ ಮೇಲೆ ತುಂಬಿಕೊಡಬೇಕು.

"ಎರಡ ಮಾತ ಅದಾವಲ್ಲವಾ! ಯಾವುದನ್ನ ಹಿಡೀಲಿ?"

"ಎರಡೂ ಓದಿದವ್ರು ಹೇಳಿದ್ದರಿ. ನಮ್ಮ ದಾರಿ ಎರಡನೇದು."

"ತುಂಬಿಕೊಡ್ತೇನಿ," ಎಂದ ಲಾಡಸಾಬ ಒಂದು ಗಳಿಗೆಯೂ ತಡೆಯದೆ. "ದಿನಾ ಎರಡ ಬಾಳೆಹಣ್ಣ ತಿಂದೇನಿ. ತುಂಬಿಕೊಟ್ರ ನನ್ನ ಮನಸಿಗೆ ಹಗುರ."

ಮರುದಿನ ಬೆಳಗಿನ ಜಾವ ಸೆಹರಿಯನ್ನು ಬೇಗ ಮುಗಿಸಿ ಮೂವರೂ ಮಾಳಿಗೆ ಹತ್ತಿದರು. ಮಂಜು ಇರಲಿಲ್ಲ. ಪೂರ್ವಕ್ಕೆ ಕಬ್ಬಿನ ಹೊಲಗಳು ಕರ್ರಗೆ ಮಲಗಿದ್ದವು. ಮೊದಲು ಆಕಾಶದಲ್ಲಿ ಮೇಲಕ್ಕೆ ಎದ್ದಂಥ ಒಂದು ಮಂಕು ಬೆಳಕು ಕಂಡಿತು. "ಇದ ಅಲ್ಲರಿ, ಇದ ಸುಳ್ಳ ಬೆಳಕು, ಹೋಗತೈತಿ," ಅಂದಳು ತಹಸೀನ. ಹೌದು, ಅದು ಆರಿತು. ಸ್ವಲ್ಪ ಹೊತ್ತಿಗೆ ಹೊಲಗಳ ಅಂಚಿನುದ್ದಕ್ಕೂ, ಈ ತುದಿಯಿಂದ ಆ ತುದಿಗೆ, ಸಣ್ಣಗೆ ಒಂದು ಬಿಳುಪು ಮೂಡಿ ಅಡ್ಡಕ್ಕೆ ಹರಡತೊಡಗಿತು. ಜೈತುನಬಿ ಗಂಡನ ತೋಳು ಹಿಡಿದಳು.

"ನನಗೂ ಕಾಣಾಕತ್ತೈತಿ," ಅಂದ ಲಾಡಸಾಬ. "ಈ ಕಣ್ಣಿಗೂ ಕಾಣಾಕತ್ತೈತಿ."

ಅವನು ಹೇಳಿ ಮುಗಿಸುವಷ್ಟರಲ್ಲಿ ಕೆಳಗಿನಿಂದ ಬಾಂಗು ಎದ್ದಿತು. ಲಾಡಸಾಬ ಅದನ್ನು ಕೊನೆಯವರೆಗೂ ನಿಂತು ಕೇಳಿದ. ಆಮೇಲೆ ದಡದಡ ಇಳಿದು ಮಸೀದಿಗೆ ಹೋಗಿ ಮೊದಲ ಸಾಲಿನಲ್ಲಿ ನಿಂತ. ಅವನನ್ನು ನೋಡಿ ಇಮಾಮರ ಹುಬ್ಬು ಮೇಲೆ ಹೋದವು.

ಶುಕ್ರವಾರ ಬಂತು. ನಮಾಜಿನ ನಂತರ ಹಿರಿಯರು ಗಂಟಲು ಸರಿಮಾಡಿಕೊಂಡು ಮಾತು ತೆಗೆಯುವ ಮೊದಲೇ ಲಾಡಸಾಬ ಎದ್ದು ನಿಂತ. ಮಂದಿ ಒಬ್ಬರನ್ನೊಬ್ಬರು ನೋಡಿದರು. ಜಗಳ ಶುರುವಾಯಿತು ಅಂದುಕೊಂಡು ಕೆಲವರು ಮುಂದೆ ಸರಿದು ಕೂತರು.

"ನನ್ನ ದಾರದ ವಿಷಯ ಎಲ್ಲಾರಿಗೂ ಗೊತ್ತೈತಿ," ಎಂದು ಅವನು ಶುರು ಮಾಡಿದ. "ನಾ ತಪ್ಪ ತಿಳಿದಿದ್ದೆ. ತಿದ್ದಿದಾಕಿ ನನ್ನ ಸೊಸಿ. ಆಕಿ ಒಂದ ಹದೀಸ ಹೇಳಿದಳು, ಕೇಳ್ರಿ." ದಾರ ಇಟ್ಟುಕೊಂಡ ಸಹಾಬಿಯ ಸಂಗತಿಯನ್ನು ಅವನು ಬಿಡಿಸಿ ಬಿಡಿಸಿ ಹೇಳಿದ. ಅಗಲವಾದ ದಿಂಬಿನ ಮಾತು ಬಂದಾಗ ಎರಡೂ ಕೈ ಚಾಚಿ ಅಳತೆ ತೋರಿಸಲು ಹೋಗಿ ಪಕ್ಕದವನ ಟೋಪಿ ಬೀಳಿಸಿದ. ಮಸೀದಿಯಲ್ಲಿ ನಗೆ ಎದ್ದಿತು. ಯಾರೋ ಇಮಾಮರಿಗೆ ಉರ್ದುವಿನಲ್ಲಿ ಹೇಳಿದರು. ಅವರಿಗೆ ಗೊತ್ತಿದ್ದ ಹದೀಸೇ ಅದು. ಅವತ್ತು ಗೇಟಿನಲ್ಲಿ ನಿಂತು ಅವರು ಹೇಳಲು ಒದ್ದಾಡಿದ್ದೂ ಅದನ್ನೇ. ಅವರು ಬಂದು ಲಾಡಸಾಬನನ್ನು ತಬ್ಬಿಕೊಂಡರು.

ಹಿಂದಿನ ಸಾಲಿನಿಂದ ಮೀರಾಸಾಬನ ಅಳುದನಿ ಕೇಳಿತು. "ಎಲ್ಲಾ ಖರೆ, ಆದ್ರ ನನ್ನ ಚಹಾ ಹೋತಲ್ಲಪಾ!"

"ಬಾಂಗಿಗಿಂತ ಮೊದಲ ಬಾ, ಎರಡ ಕಪ್ ಕೊಡ್ತೇನಿ," ಅಂದ ಲಾಡಸಾಬ.

ಇಮಾಮರೇ ಹಿರಿಯರ ಕಿವಿಯಲ್ಲಿ ಏನೋ ಹೇಳಿದರು. ಹಿರಿಯರು ತಲೆಯಾಡಿಸಿ ಎದ್ದರು. ನದಾಫರ ಸೊಸೆ ಕನ್ನಡದಲ್ಲಿ ಹೀಗೆ ಬಿಡಿಸಿ ಹೇಳಬಲ್ಲಳಾದರೆ ಊರ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ಹೇಳಲಿ, ಆಕೆಗೆ ಒಪ್ಪಿಗೆಯಿದ್ದರೆ ಮಾತ್ರ, ಎಂದರು. ತಹಸೀನ ಒಪ್ಪಿದಳು. ಬಂದೇನವಾಜ ಕಾರ್ಖಾನೆಯಲ್ಲಿ ಎಲ್ಲರಿಗೂ ಖರ್ಜೂರ ಹಂಚಿದ.

ಹಬ್ಬ ಕಳೆಯಿತು. ಲಾಡಸಾಬ ಬಿಟ್ಟುಹೋದ ರೋಜಾಗಳನ್ನು ತುಂಬಿಕೊಡತೊಡಗಿದ. ಅವನೊಬ್ಬನೇ ಉಪವಾಸ ಇರುವುದು ಬೇಡವೆಂದು ಜೈತುನಬಿಯೂ ಜೊತೆಗೆ ಹಿಡಿದಳು. ನಡುವೆ ಒಂದು ಕಣ್ಣಿನ ಆಪರೇಷನ್ ಕೂಡ ಆಯಿತು. ಅವನು ಕರಿ ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂತಾಗ ಜಿನ್ನಪ್ಪ, "ಸಿನಿಮಾದವ ಆಗೀಯಲ್ಲೋ" ಎಂದು ದಿನವೂ ಚೇಷ್ಟೆ ಮಾಡಿದ.

ಹೆಣ್ಣುಮಕ್ಕಳ ಪಾಠ ಮೊದಲು ನಡೆದ ದಿನ ಪಡಸಾಲೆ ತುಂಬಿತ್ತು. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಅಂಗಡಿಗೂ ಪಡಸಾಲೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಲಾಡಸಾಬ ಅದರ ಆಚೆ ಗಾದಿಯೊಂದನ್ನು ಹಾಸಿಕೊಂಡು ಕಿವಿ ಕೊಟ್ಟು ಕೂತ. ತಹಸೀನ ಕುರಾನಿನ ಒಂದು ಸಣ್ಣ ಸೂರಾ, ಅಂದರೆ ಅಧ್ಯಾಯ, ಓದಿ, ಅದು ಯಾವಾಗ ಇಳಿಯಿತು, ಯಾರು ಏನು ಹೇಳಿದರು ಎಂದು ಬಿಡಿಸುತ್ತ ಹೋದಳು. ಕೊನೆಯಲ್ಲಿ ಮುದುಕಿ ರಾಜಮಾ ಒಂದು ಪ್ರಶ್ನೆ ಕೇಳಿದಳು. ಪರದೆಯ ಆಚೆ ಲಾಡಸಾಬನಿಗೂ ಅದರ ಉತ್ತರ ಬೇಕಿತ್ತು, ಮುಂದೆ ಬಾಗಿದ.

"ಇದು ನನಗ ಗೊತ್ತಿಲ್ಲ ಅಜ್ಜಿ," ಅಂದಳು ತಹಸೀನ. "ಕೇಳಿ, ಓದಿ, ಮುಂದಿನ ವಾರ ಹೇಳ್ತೇನಿ."

ಲಾಡಸಾಬ ಪರದೆಯಿಂದ ಹಿಂದೆ ಸರಿದ. ಇಷ್ಟು ಓದಿದವಳು, ಇಷ್ಟು ಜನರ ಮುಂದೆ, ಗೊತ್ತಿಲ್ಲ ಅಂದಳು. ಅನ್ನುವಾಗ ಅವಳ ದನಿ ತಗ್ಗಲೂ ಇಲ್ಲ. ತಾನು ಪುಸ್ತಕ ಹಿಡಿದ ದಿನದಿಂದ ಇವತ್ತಿನವರೆಗೆ ಒಮ್ಮೆಯೂ ಆ ಮಾತು ಅಂದಿರಲಿಲ್ಲ ಎಂಬುದು ಅವನಿಗೆ ನೆನಪಾಗಿ, ಯಾರೂ ನೋಡದಿದ್ದರೂ ಒಂದು ನಗೆ ಬಂತು. ಇಷ್ಟಾದರೂ ಅವನು ಲಾಡಸಾಬನೇ. ಪರದೆಗೆ ಬಾಯಿ ಹಚ್ಚಿ, "ಯವ್ವಾ, ನಂದೂ ಒಂದ ಪ್ರಶ್ನೆ ಐತಿ," ಅಂದ.

ಒಳಗಿನ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಜೈತುನಬಿ ಪರದೆಯಿಂದ ತಲೆ ಹೊರಹಾಕಿ, "ನಿಮ್ಮದ ರಾತ್ರಿ ಊಟದಾಗ ಕೇಳ್ರಿ. ಗಿರಾಕಿ ಬಂದ ನಿಂತಾರ, ಗಾದಿ ಮ್ಯಾಲಿಂದ ಏಳ್ರಿ ಮೊದಲ," ಅಂದಳು. ಲಾಡಸಾಬ ತಿರುಗಿ ನೋಡಿದ. ಹೌದು, ಅಂಗಡಿಯ ಮುಂದೆ ಪಾಲಬಾವಿಯಿಂದ ಮದುವೆಯ ಗಾದಿ ನೋಡಲು ಬಂದ ಗಂಡಹೆಂಡತಿ ನಿಂತಿದ್ದರು. ಅವನು ಕೂತಿದ್ದ ಗಾದಿಯ ಮೇಲೇ ಅವರ ಕಣ್ಣಿತ್ತು.